ಜೀಪಿನ ಮುಂದಿನ ಆಕ್ಸಲ್: ಬದಲಾಯಿಸುವ ಮುನ್ನ ಮತ್ತು ಬದಲಾಯಿಸಿದ ಬಳಿಕ

(ಮಂಗಳೂರಿನಲ್ಲಿ ಗ್ರಾಮ ಪಂಚಾಯತ್ ಸದಸ್ಯರ ಮಾಹಿತಿ ಸಭೆಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ವಾಹನ ದುರಸ್ತಿಯ ಬಿಲ್ಲು ಸಾಮಾನ್ಯ ಸಭೆಯ ಮುಂದೆ ಬರುವುದು ಹೆಚ್ಚಾಗಿ ಕಾರ್ಯಸೂಚಿಯ ಕೊನೆಯಲ್ಲಿ, ಮಧ್ಯಾಹ್ನದ ಊಟದ ಹೊತ್ತು ಮೀರಿದ ಮೇಲೆ. "ಮುಂದಿನ ಆಕ್ಸಲ್ ಬದಲಾವಣೆ" ಎಂಬ ಒಂದೇ ಸಾಲು, ಅದರೆದುರು ಒಂದು ಮೊತ್ತ. ಕೆಲವೆಡೆ ಅದು ಚರ್ಚೆಯಿಲ್ಲದೆ ಮಂಜೂರಾಗುತ್ತದೆ. ಕೆಲವೆಡೆ ಮೊತ್ತ ಕಂಡೊಡನೆ ಮುಂದಿನ ಸಭೆಗೆ ಹೋಗುತ್ತದೆ. ಮೇಲ್ನೋಟಕ್ಕೆ ಒಂದು ಔದಾರ್ಯ, ಇನ್ನೊಂದು ಮಿತವ್ಯಯ. ಎರಡರ ಬೇರೂ ಒಂದೇ: ಆ ಸಾಲಿನಲ್ಲಿ ಹೇಳಿರುವ ವಸ್ತು ಯಾವುದು, ಅದು ಏಕೆ ಕೆಟ್ಟಿತು, ಕೆಟ್ಟರೆ ಯಾರಿಗೆ ಏನಾಗುತ್ತದೆ ಎಂಬುದು ಸಭೆಗೆ ತಿಳಿದಿಲ್ಲ.

ಕಸ ಸಾಗಿಸುವ ಸ್ವಚ್ಛ ವಾಹಿನಿಗಳಿಗೆ ಈ ಮಾತು ಅನ್ವಯಿಸದು. ಆ ಸಣ್ಣ ಲಾರಿಗಳಲ್ಲಿ ಎಂಜಿನಿನ ಬಲ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಇಲ್ಲಿನ ವಿಷಯ ನಾಲ್ಕೂ ಚಕ್ರಗಳಿಗೆ ಬಲ ಹೋಗುವ ಜೀಪು. ಅದು ಪಂಚಾಯತಿನ ಸ್ವಂತದ್ದಿರಬಹುದು, ಮಳೆಗಾಲಕ್ಕೆ ಊರಿನವರಿಂದ ಬಾಡಿಗೆಗೆ ಗೊತ್ತುಮಾಡಿದ್ದಿರಬಹುದು. ಬಾಡಿಗೆಯದ್ದಾದರೆ ಬಿಲ್ಲಿನ ಹೊಣೆ ಪಂಚಾಯತಿಗೆ ಇಲ್ಲ. ಆದರೆ ವಾಹನ ನಡುದಾರಿಯಲ್ಲಿ ನಿಂತರೆ ಅದರ ಫಲ ಅನುಭವಿಸುವವರು ಪಂಚಾಯತಿನ ಜನರೇ.

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದು ಮಂಗಳೂರು-ಮಡಿಕೇರಿ ಹೆದ್ದಾರಿ ಕಡಿದುಹೋದಾಗ ಸುಳ್ಯ ತಾಲೂಕಿನ ಸಂಪಾಜೆ, ಕಲ್ಲುಗುಂಡಿ, ಅರಂತೋಡುಗಳಲ್ಲಿ ಪರಿಹಾರ ಕೇಂದ್ರ ತೆರೆಯಬೇಕಾಯಿತು. ಮರುವರ್ಷ, ಅದೇ ತಿಂಗಳಲ್ಲಿ, ಚಾರ್ಮಾಡಿ ಘಾಟಿ ಮುಚ್ಚಿತು. ಬೆಳ್ತಂಗಡಿ ತಾಲೂಕಿನ ಮಲವಂತಿಗೆ, ಮಿತ್ತಬಾಗಿಲು, ಚಾರ್ಮಾಡಿ ಗ್ರಾಮಗಳ ತೋಟಗಳಲ್ಲಿ ಹೊಳೆ ಹರಿಯಿತು. 2022ರ ಆಗಸ್ಟ್ ಆರಂಭದಲ್ಲಿ ಸುಬ್ರಹ್ಮಣ್ಯ, ಹರಿಹರ ಪಲ್ಲತ್ತಡ್ಕ, ಕೊಲ್ಲಮೊಗ್ರುಗಳ ಸರದಿ. ಇಂತಹ ದಿನಗಳಲ್ಲಿ ಡಾಮರು ರಸ್ತೆ ಮುಗಿದ ಮೇಲಿನ ಎರಡು ಮೂರು ಕಿಲೋಮೀಟರ್ ಕೆಸರು ದಾರಿಯೇ ನಿರ್ಣಾಯಕ. ಆಂಬುಲೆನ್ಸ್ ಡಾಮರಿನ ಅಂಚಿನವರೆಗೆ ಬರುತ್ತದೆ. ಅಲ್ಲಿಂದ ಮೇಲಿನ ಮನೆಯ ಗರ್ಭಿಣಿಯನ್ನೋ ಡಯಾಲಿಸಿಸ್‌ಗೆ ಹೋಗಬೇಕಾದ ವೃದ್ಧರನ್ನೋ ಕೆಳಗಿಳಿಸಲು ಜೀಪು ಬೇಕು, ಇಲ್ಲವೇ ಮಂಚಕ್ಕೆ ಬಿದಿರು ಕಟ್ಟಿ ಹೊರುವ ನಾಲ್ವರು ಬೇಕು.

ಸದಸ್ಯರಲ್ಲಿ ಹಲವರು ಕೊಲ್ಲೂರಿಗೆ ಹೋದಾಗ ಜೀಪು ಹಿಡಿದು ಕೊಡಚಾದ್ರಿ ಏರಿದವರೇ. 1,343 ಮೀಟರ್ ಎತ್ತರದ ಆ ಬೆಟ್ಟದ ದಾರಿಯಲ್ಲಿ ಕಲ್ಲು ಕೊರಕಲುಗಳ ನಡುವೆ ಚಾಲಕ ಸಣ್ಣ ಲಿವರನ್ನು ಎಳೆದು ಮುಂದಿನ ಚಕ್ರಗಳಿಗೆ ಬಲ ಕೊಡುವುದನ್ನು ಅವರು ಕಂಡಿರುತ್ತಾರೆ. ಹಿಂದಿನ ಚಕ್ರ ತಳ್ಳುತ್ತದೆ, ಮುಂದಿನ ಚಕ್ರ ಎಳೆಯುತ್ತದೆ. ಆ ಎಳೆತ ಹೋದರೆ ಜೀಪು ಎಂಬುದು ಸ್ವಲ್ಪ ಎತ್ತರದ ಕಾರು, ಅಷ್ಟೇ.

ಈ ಎಳೆತವನ್ನು ಚಕ್ರಕ್ಕೆ ಮುಟ್ಟಿಸುವ ಉಕ್ಕಿನ ದಂಡವೇ ಮುಂದಿನ ಆಕ್ಸಲ್ ಶಾಫ್ಟ್. ಹಿಂದಿನ ಆಕ್ಸಲಿನ ಕೆಲಸ ಸರಳ. ಚಕ್ರವನ್ನು ತಿರುಗಿಸಿದರೆ ಮುಗಿಯಿತು. ಮುಂದಿನದಕ್ಕೆ ಎರಡು ಕೆಲಸ: ಚಕ್ರ ಉರುಳಬೇಕು, ಜೊತೆಗೆ ಸ್ಟಿಯರಿಂಗ್ ತಿರುವಿದತ್ತ ಹೊರಳಬೇಕು. ಆದ್ದರಿಂದ ದಂಡದ ನಡುವೆ ಮೊಣಕಾಲಿನಂತೆ ಬಾಗುವ ಕೀಲು ಬೇಕು. ಪ್ರೊಪೆಲ್ಲರ್ ಶಾಫ್ಟಿನಲ್ಲಿರುವ ಸಾಮಾನ್ಯ ಕ್ರಾಸ್ ಕೀಲನ್ನು ಇಲ್ಲಿ ಹಾಕಿದರೆ, ಬಾಗಿದ ಕೋನದಲ್ಲಿ ಚಕ್ರ ಒಂದೇ ಸುತ್ತಿನಲ್ಲಿ ಎರಡು ಬಾರಿ ವೇಗ ಹೆಚ್ಚಿಸಿ ಎರಡು ಬಾರಿ ತಗ್ಗಿಸುತ್ತದೆ. ಸ್ಟಿಯರಿಂಗ್ ಕೈಯಲ್ಲಿ ನಡುಗುತ್ತದೆ. ಈ ತೊಡಕಿಗೆ 1920ರ ದಶಕದಲ್ಲಿ ಆಲ್ಫ್ರೆಡ್ ರ್‍ಜೆಪಾ ಎಂಬ ಎಂಜಿನಿಯರ್ ರೂಪಿಸಿದ ಉತ್ತರವೇ ಇಂದಿನ ಸಿ.ವಿ. ಜಾಯಿಂಟ್. ಒಂದು ಬಟ್ಟಲು, ಅದರೊಳಗೊಂದು ಗುಂಡು ತಿರುಳು, ಎರಡರ ನಡುವಿನ ತೋಡುಗಳಲ್ಲಿ ಓಡಾಡುವ ಆರು ಉಕ್ಕಿನ ಗುಂಡುಗಳು, ಅವುಗಳನ್ನು ಹಿಡಿದಿಡುವ ಒಂದು ಪಂಜರ. ಕೋನ ಎಷ್ಟೇ ಬದಲಾಗಲಿ, ಚಕ್ರ ಒಂದೇ ವೇಗದಲ್ಲಿ ಸುತ್ತುತ್ತದೆ. ಎರಡನೆಯ ಮಹಾಯುದ್ಧದ ಜೀಪುಗಳಲ್ಲಿ ಇದೂ ಇತ್ತು, ಬೇರೆ ಮೂರು ಬಗೆಯ ಕೀಲುಗಳೂ ಇದ್ದವು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪುಗಳು ಆ ಪರಂಪರೆಯವೇ. ಘಟ್ಟದ ತಪ್ಪಲಿನಲ್ಲಿ ಇಂದಿಗೂ ಓಡುವ ಹಳೆಯ ಜೀಪುಗಳ ಮುಂಭಾಗದ ರಚನೆ ಅಂದಿನದಕ್ಕಿಂತ ತೀರ ದೂರ ಬಂದಿಲ್ಲ.

ಸದಸ್ಯರು ಮೊದಲು ತಿಳಿಯಬೇಕಾದುದು ತಮ್ಮ ವಾಹನ ಯಾವ ಬಗೆಯದೆಂದು. ಹಳೆಯ ಜೀಪು, ಜಿಪ್ಸಿಗಳಲ್ಲಿ ಎಡಚಕ್ರದಿಂದ ಬಲಚಕ್ರದವರೆಗೆ ಒಂದೇ ಗಟ್ಟಿ ಹೌಸಿಂಗ್ ಇರುತ್ತದೆ. ಶಾಫ್ಟು ಅದರೊಳಗೆ, ಕೀಲು ಚಕ್ರದ ಬಳಿಯ ಉಕ್ಕಿನ ಗೋಳದೊಳಗೆ, ಕಣ್ಣಿಗೆ ಬೀಳದಂತೆ. ಹೊಸ ಬಗೆಯಲ್ಲಿ ಡಿಫರೆನ್ಷಿಯಲ್ ಮಾತ್ರ ನಡುವೆ ನಿಂತಿದ್ದು, ಎರಡೂ ಬದಿಗೆ ಶಾಫ್ಟುಗಳು ಬರಿಮೈಯಲ್ಲಿ ಚಾಚಿಕೊಂಡಿರುತ್ತವೆ. ಕೀಲುಗಳ ಮೇಲೆ ಮಡಿಕೆಮಡಿಕೆಯಾದ ಕಪ್ಪು ರಬ್ಬರ್ ಚೀಲ ಇರುತ್ತದೆ. ಗ್ಯಾರೇಜಿನವರು ಅದನ್ನು ಬೂಟು ಎನ್ನುತ್ತಾರೆ. ನೆಲಕ್ಕೆ ಬಗ್ಗಿ ಚಕ್ರದ ಹಿಂದೆ ಟಾರ್ಚು ಬಿಟ್ಟರೆ ಯಾರಿಗಾದರೂ ಕಾಣುತ್ತದೆ.

ಈ ಬೂಟಿನ ಕಥೆಯೇ ಬಿಲ್ಲಿನ ಕಥೆ. ಬೂಟಿನೊಳಗೆ ಗ್ರೀಸ್ ತುಂಬಿರುತ್ತದೆ. ಮುಳ್ಳು, ಕಲ್ಲು, ವಯಸ್ಸು, ಯಾವುದೋ ಒಂದರಿಂದ ರಬ್ಬರ್ ಸೀಳುತ್ತದೆ. ಚಕ್ರ ಸುತ್ತುವಾಗ ಗ್ರೀಸ್ ಹೊರಕ್ಕೆ ಚಿಮ್ಮಿ ಚಕ್ರದ ಒಳಮೈಗೆ ಕಪ್ಪಾಗಿ ಬಳಿಯುತ್ತದೆ. ಅದು ಹೋದ ಜಾಗಕ್ಕೆ ಮುರಕಲ್ಲಿನ ಕೆಂಪು ನೀರು ನುಗ್ಗುತ್ತದೆ. ಮುರಕಲ್ಲಿನ ಹುಡಿ ಗುಂಡುಗಳ ನಡುವೆ ಸೇರಿದರೆ ಅದು ಅರೆಯುವ ಕಲ್ಲೇ ಸರಿ. ಆಮೇಲೆ ಸ್ಟಿಯರಿಂಗನ್ನು ಪೂರ್ತಿ ತಿರುವಿ ಹೊರಟಾಗ ಟಕ್ ಟಕ್ ಟಕ್ ಎಂಬ ಸದ್ದು. ಆ ಸದ್ದು ಕೇಳಿದ ಮೇಲೆ ಗ್ರೀಸ್ ತುಂಬಿ ಪ್ರಯೋಜನವಿಲ್ಲ, ಕೀಲು ಸವೆದಾಗಿದೆ. ಇನ್ನೂ ಅಲಕ್ಷಿಸಿದರೆ ಒಂದು ದಿನ, ಸಾಮಾನ್ಯವಾಗಿ ಏರಿನಲ್ಲಿಯೇ, ಅದು ಒಡೆಯುತ್ತದೆ. ಏರಿನಲ್ಲಿಯೇ ಏಕೆಂದರೆ ಅತಿ ಹೆಚ್ಚು ಬಲ ಬೀಳುವುದು ಅಲ್ಲಿ. ಬೂಟು ಸೀಳಿದ್ದನ್ನು ಅದೇ ವಾರ ಕಂಡು ಬದಲಾಯಿಸಿದ್ದರೆ ಖರ್ಚು ಒಂದು ರಬ್ಬರ್ ಚೀಲ, ಎರಡು ಪಟ್ಟಿ, ಒಂದಿಷ್ಟು ಗ್ರೀಸ್ ಮತ್ತು ಅರ್ಧ ದಿನದ ಕೂಲಿ.

ಹಳೆಯ ಬಗೆಯಲ್ಲಿ ಬೂಟಿಲ್ಲ. ಅಲ್ಲಿ ನೋಡಬೇಕಾದುದು ಸೀಲು. ಚಕ್ರದ ಒಳಬದಿಯ ಗೋಳದಿಂದ ತೆಳ್ಳಗಿನ ಎಣ್ಣೆ ಸೋರುತ್ತಿದ್ದರೆ ಡಿಫರೆನ್ಷಿಯಲ್‌ನ ಎಣ್ಣೆ ಒಳಸೀಲನ್ನು ದಾಟಿ ಬಂದು ಗ್ರೀಸನ್ನು ತೊಳೆಯುತ್ತಿದೆ ಎಂದರ್ಥ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಓಡಿ ಬಿಸಿಯಾದ ಡಿಫರೆನ್ಷಿಯಲ್ ತಣ್ಣನೆಯ ಹೊಳೆಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಮೂಲಕ ನೀರನ್ನು ಒಳಗೆಳೆಯುತ್ತದೆ. ಹೌಸಿಂಗಿನ ಮೇಲಿರುವ ಪುಟ್ಟ ಗಾಳಿಕೊಳವೆ ಕೆಸರಿನಿಂದ ಮುಚ್ಚಿದ್ದರೆ ಇದು ಇನ್ನೂ ಬೇಗ ಆಗುತ್ತದೆ. ಒಂದು ತಂತಿಯಿಂದ ಬಿಡಿಸಬಹುದಾದ ಕೆಸರು ಅದು.

ಈಗ ಬಿಲ್ಲಿಗೆ ಬರಬಹುದು. "ಮುಂದಿನ ಆಕ್ಸಲ್" ಎಂಬ ಮಾತಿಗೆ ಗ್ಯಾರೇಜಿನಲ್ಲಿ ಕನಿಷ್ಠ ಮೂರು ಅರ್ಥಗಳಿವೆ: ಕೀಲು ಮಾತ್ರ; ಕೀಲುಗಳ ಸಹಿತ ಒಂದು ಬದಿಯ ಶಾಫ್ಟು; ಹೌಸಿಂಗ್, ಕ್ರೌನ್, ಪಿನಿಯನ್ ಎಲ್ಲ ಸೇರಿದ ಪೂರ್ತಿ ಆಕ್ಸಲ್. ಮೂರರ ಬೆಲೆಗೂ ಅಜಗಜಾಂತರ. ಮೂರು ಗ್ಯಾರೇಜುಗಳಿಂದ ದರಪಟ್ಟಿ ತರಿಸಿದಾಗ ಒಬ್ಬರು ಕೀಲಿಗೆ, ಇನ್ನೊಬ್ಬರು ಶಾಫ್ಟಿಗೆ, ಮತ್ತೊಬ್ಬರು ಗುಜರಿಯಿಂದ ತಂದ ಪೂರ್ತಿ ಆಕ್ಸಲಿಗೆ ದರ ಬರೆದಿದ್ದರೆ, ಕನಿಷ್ಠ ದರ ಯಾವುದೆಂದು ನೋಡುವುದರಲ್ಲಿ ಅರ್ಥವೇ ಇಲ್ಲ. 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ ಆಶಯ ಕಡತದಲ್ಲಿ ಮೂರು ಕಾಗದ ಇರುವುದರಿಂದ ಈಡೇರುವುದಿಲ್ಲ. ಮೂರೂ ಒಂದೇ ವಸ್ತುವಿನ ಬಗ್ಗೆ ಇರಬೇಕು. ದರ ಕೇಳುವ ಪತ್ರದಲ್ಲಿಯೇ ವಾಹನದ ಮಾದರಿ, ತಯಾರಿಕೆಯ ವರ್ಷ, ಚಾಸಿ ಸಂಖ್ಯೆ, ಎಡವೋ ಬಲವೋ, ಹೊಸ ಭಾಗವೋ ಹಳೆಯದೋ, ಸೀಲು ಮತ್ತು ಎಣ್ಣೆ ಸೇರಿದೆಯೋ ಇಲ್ಲವೋ ಎಂಬುದನ್ನು ಬರೆಯುವುದು ಒಳ್ಳೆಯದು. ಎಡ-ಬಲ ಎಂಬುದು ಸಣ್ಣ ಮಾತಲ್ಲ. ಅನೇಕ ವಾಹನಗಳಲ್ಲಿ ಡಿಫರೆನ್ಷಿಯಲ್ ನಟ್ಟನಡುವೆ ಇರುವುದಿಲ್ಲ, ಆದ್ದರಿಂದ ಎರಡು ಶಾಫ್ಟುಗಳ ಉದ್ದ ಬೇರೆ ಬೇರೆ.

ಗುಜರಿಯ ಪೂರ್ತಿ ಆಕ್ಸಲ್ ಅಗ್ಗವೆಂದು ತೋರುತ್ತದೆ. ಕೆಲವೊಮ್ಮೆ ಅದೇ ಸರಿಯಾದ ಆಯ್ಕೆಯೂ ಹೌದು, ಹಳೆಯ ಮಾದರಿಗೆ ಹೊಸ ಭಾಗ ಸಿಗದಿರುವಾಗ ಬೇರೆ ದಾರಿಯಿಲ್ಲ. ಆದರೆ ಅದರಲ್ಲೊಂದು ಗುಂಡಿ ಇದೆ. ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲಿ ಪಿನಿಯನಿಗೆ 8 ಹಲ್ಲು, ಕ್ರೌನಿಗೆ 39. ಮುಂದೆ ಬಂದ ಸಿಜೆ-3ಬಿ ಮಾದರಿಯಲ್ಲಿ 8 ಮತ್ತು 43. ಹೊರಗಿನಿಂದ ಎರಡೂ ಒಂದೇ ತರಹ ಕಾಣುವ ಆಕ್ಸಲುಗಳು. ಹಿಂದೆ 39ರದ್ದು, ಮುಂದೆ 43ರದ್ದು ಕೂಡಿಸಿದರೆ, ನಾಲ್ಕು ಚಕ್ರದ ಲಿವರ್ ಎಳೆದ ಕ್ಷಣದಿಂದ ಹಿಂದಿನ ಚಕ್ರ 100 ಮೀಟರ್ ಉರುಳಲು ಹೊರಟಾಗ ಮುಂದಿನದು ಸುಮಾರು 91 ಮೀಟರ್ ಮಾತ್ರ ಉರುಳಲು ಹೊರಡುತ್ತದೆ. ಕೆಸರಿನಲ್ಲಿ ಚಕ್ರ ಜಾರಿ ಹೇಗೋ ಹೊಂದಿಕೊಂಡೀತು. ಗಟ್ಟಿ ನೆಲದಲ್ಲಿ ಟೈರು ತೇಯುತ್ತದೆ, ಇಲ್ಲವೇ ಹೊಸದಾಗಿ ಹಾಕಿಸಿದ ಆಕ್ಸಲೇ ಮುರಿಯುತ್ತದೆ.

ಇದನ್ನು ಪತ್ತೆಹಚ್ಚಲು ಎಂಜಿನಿಯರ್ ಬೇಕಿಲ್ಲ. ಗಾಲಿಗಳಿಗೆ ಅಡ್ಡ ಕಲ್ಲಿಟ್ಟು, ಗೇರು ನ್ಯೂಟ್ರಲ್‌ನಲ್ಲಿಟ್ಟು, ಕೈಬ್ರೇಕ್ ಬಿಟ್ಟು, ನಾಲ್ಕು ಚಕ್ರದ ಲಿವರನ್ನು ಬಿಡುಗಡೆ ಮಾಡಿ, ಹಬ್ ಲಾಕ್ ಇದ್ದರೆ ಅದನ್ನು ಕೂಡಿಸಿ, ಮುಂದಿನ ಒಂದು ಚಕ್ರವನ್ನು ಮಾತ್ರ ಎತ್ತಬೇಕು. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿದಾಗ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿತೆಂದು ಸುಣ್ಣದ ಗುರುತು ಹಾಕಿ ಎಣಿಸಬೇಕು. 39ರ ಕ್ರೌನಾದರೆ ಐದಕ್ಕೆ ಸ್ವಲ್ಪ ಕಡಿಮೆ; 43ರದ್ದಾದರೆ ಐದು ಸುತ್ತು ಮುಗಿದು ಇನ್ನೂ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಹಿಂದೆಯೂ ಹಾಗೆಯೇ ಎಣಿಸಿ ಹೋಲಿಸಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸ. ಸಂದೇಹವಿದ್ದರೆ ಕದ್ರಿಯ ಸರಕಾರಿ ಐಟಿಐ ಅಥವಾ ಕರ್ನಾಟಕ ಪಾಲಿಟೆಕ್ನಿಕ್‌ನ ಬೋಧಕರನ್ನು ಕೇಳಲು ಪಂಚಾಯತ್ ಸಂಕೋಚಪಡಬೇಕಾದುದಿಲ್ಲ.

ಬದಲಾವಣೆಯ ಕೆಲಸ ನಡೆಯುವಾಗ ಸದಸ್ಯರೊಬ್ಬರು ಗ್ಯಾರೇಜಿನಲ್ಲಿ ಒಂದು ಗಂಟೆ ನಿಂತರೆ ಒಳ್ಳೆಯದು. ಮೆಕ್ಯಾನಿಕನ ಮೇಲೆ ಕಾವಲಿಗಲ್ಲ. ಉತ್ತಮ ಕೆಲಸಗಾರನಿಗೆ ನೋಡುವವರಿದ್ದರೆ ಸಂತೋಷವೇ. ಹೊಸ ಬಗೆಯ ವಾಹನದಲ್ಲಿ ಮೊದಲು ಚಕ್ರ ನೆಲದಲ್ಲಿರುವಾಗಲೇ, ಬ್ರೇಕ್ ಒತ್ತಿಹಿಡಿದು, ನಡುವಿನ ದೊಡ್ಡ ಹಬ್ ನಟ್ಟನ್ನು ಸಡಿಲಿಸುತ್ತಾರೆ. ಎತ್ತಿದ ಮೇಲೆ ಕೇವಲ ಜಾಕಿಯ ಮೇಲೆ ವಾಹನ ನಿಲ್ಲಿಸಿ ಅಡಿಗೆ ತಲೆ ಹಾಕುವ ರೂಢಿ ಅನೇಕ ಕಡೆ ಇದೆ. ಅದನ್ನು ಕಂಡರೆ ಕೆಲಸ ನಿಲ್ಲಿಸಿ ಸ್ಟ್ಯಾಂಡ್ ಇಡಿಸಬೇಕು. ಹುಡುಗನ ಜೀವದ ಪ್ರಶ್ನೆ ಅದು. ಬಳಿಕ ಚಕ್ರ ಕಳಚಿ, ಬ್ರೇಕ್ ಕ್ಯಾಲಿಪರನ್ನು ಬಿಚ್ಚಿ ತಂತಿಯಿಂದ ಮೇಲಕ್ಕೆ ಕಟ್ಟುತ್ತಾರೆ. ಅದನ್ನು ಬ್ರೇಕಿನ ರಬ್ಬರ್ ಕೊಳವೆಯಲ್ಲಿಯೇ ಜೋತುಬಿಟ್ಟರೆ ಕೊಳವೆ ಒಳಗೊಳಗೇ ಹಾಳಾಗುತ್ತದೆ, ಹೊರಗೆ ಕಾಣುವುದಿಲ್ಲ. ಟೈ ರಾಡ್ ಮತ್ತು ಬಾಲ್ ಜಾಯಿಂಟ್ ಬಿಡಿಸಿ, ಎಣ್ಣೆಯನ್ನು ಪಾತ್ರೆಗಿಳಿಸಿ, ಹಳೆಯ ಶಾಫ್ಟನ್ನು ಡಿಫರೆನ್ಷಿಯಲ್‌ನಿಂದ ಹೊರಗೆಳೆಯುತ್ತಾರೆ.

ಹೊಸದನ್ನು ಕೂಡಿಸುವ ಮುನ್ನ ಹಳೆಯ ಆಯಿಲ್ ಸೀಲ್ ಕಿತ್ತು ಹೊಸದನ್ನು ಹಾಕಲೇಬೇಕು. "ಹಳೆಯದೇ ಚೆನ್ನಾಗಿದೆ" ಎಂಬ ಮಾತಿಗೆ ಒಪ್ಪಬಾರದು. ಆ ಚಿಕ್ಕ ವಸ್ತುವಿನ ಬೆಲೆ ಅತ್ಯಲ್ಪ. ಅದು ಸೋರಿದರೆ ಇದೇ ಕೆಲಸವನ್ನು ಮೊದಲಿನಿಂದ ಮಾಡಬೇಕು, ಕೂಲಿಯನ್ನು ಇನ್ನೊಮ್ಮೆ ಕೊಡಬೇಕು. ಶಾಫ್ಟಿನ ತುದಿಯ ಸರ್ಕ್ಲಿಪ್ ಒಳಗೆ ಕೂತಾಗ ಕ್ಲಿಕ್ ಎಂಬ ಸದ್ದು ಬರುತ್ತದೆ. ಬಳಿಕ ಕೈಯಿಂದ ಮೆಲ್ಲನೆ ಎಳೆದರೆ ಬಾರದು. ಹಬ್ ನಟ್ಟನ್ನು ಅಂದಾಜಿನ ಮೇಲೆ ಪೈಪು ಸೇರಿಸಿ ಬಿಗಿಯುವುದಲ್ಲ, ತಯಾರಕರ ಕೈಪಿಡಿಯ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಕೊನೆಗೆ ಸ್ಪ್ಲಿಟ್ ಪಿನ್ ಅಥವಾ ಲಾಕ್, ಹೊಸ ಎಣ್ಣೆ, ಅದರ ಮಟ್ಟದ ತಪಾಸಣೆ. ಹಳೆಯ ಗಟ್ಟಿ ಆಕ್ಸಲಿನ ಜೀಪಿನಲ್ಲಿ ಕ್ರಮ ಬೇರೆ: ಹಬ್ ಬಿಚ್ಚಿ, ಬೇರಿಂಗ್ ತೆಗೆದು, ಶಾಫ್ಟನ್ನು ನೇರವಾಗಿ ಹೊರಗೆಳೆಯುತ್ತಾರೆ. ಒಳಹಾಕುವಾಗ ಅದರ ತುದಿ ಒಳಸೀಲಿನ ತುಟಿಯನ್ನು ಗೀಚದಂತೆ ಎತ್ತಿಹಿಡಿಯುವುದರಲ್ಲಿಯೇ ಅನುಭವ ಕಾಣುವುದು. ಬಿಚ್ಚಿದ ಬೇರಿಂಗುಗಳನ್ನು ತೊಳೆದು ಹೊಸ ಗ್ರೀಸ್ ತುಂಬುವ ಕೂಲಿ ಅದೇ ಹೊತ್ತಿಗೆ ಮುಗಿದರೆ ಲಾಭ.

ಹಣವಿಲ್ಲದಾಗ ಅಥವಾ ಸಭೆ ಮುಂದೂಡಿದಾಗ ಒಂದು ತಾತ್ಕಾಲಿಕ ಉಪಾಯ ನಡೆಯುತ್ತದೆ. ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಕಳಚಿ ಮೂಲೆಗಿಟ್ಟು, ಹಿಂದಿನ ಎರಡು ಚಕ್ರಗಳ ಮೇಲೆ ಓಡಿಸುವುದು. ಬೇಕಾದಾಗ ಮುಂದಿನ ಚಕ್ರಗಳಿಗೆ ಬಲ ಕೊಡುವ ಹಳೆಯ ಬಗೆಯ ಜೀಪು ಹೀಗೆ ಓಡುತ್ತದೆ. ಬೇಸಗೆಯಲ್ಲಿ, ಸಮತಟ್ಟು ರಸ್ತೆಯಲ್ಲಿ ತಿಂಗಳುಗಟ್ಟಲೆ ಓಡಿದರೂ ಯಾರಿಗೂ ಗೊತ್ತಾಗುವುದಿಲ್ಲ. ಅಪಾಯ ಇರುವುದು ಅಲ್ಲೇ. ಜೀಪು ಅಂಗಳದಲ್ಲಿ ನಿಂತಿದೆ, ಕಾಗದದ ಮೇಲೆ ಅದು ನಾಲ್ಕು ಚಕ್ರದ ಜೀಪು, ವಿಪತ್ತು ನಿರ್ವಹಣೆಯ ಪಟ್ಟಿಯಲ್ಲಿ ಅದರ ಸಂಖ್ಯೆ ಇದೆ. ಆಟಿ ತಿಂಗಳ ಒಂದು ರಾತ್ರಿ ಗುಡ್ಡದ ಮನೆಯಿಂದ ಕರೆ ಬರುತ್ತದೆ, ಮೊದಲ ಕೆಸರು ಏರಿನಲ್ಲಿ ಹಿಂದಿನ ಒಂದು ಚಕ್ರ ಸುತ್ತುತ್ತ ಹೂತುಕೊಳ್ಳುತ್ತದೆ. ಚಾಲಕ ಹಠ ಬಿಡದೆ ಲೋ ಗೇರಿನಲ್ಲಿ ಒತ್ತಿದರೆ, ನಾಲ್ಕು ಚಕ್ರಕ್ಕೆ ಹಂಚಿಹೋಗಬೇಕಾದ ಬಲವೆಲ್ಲ ಹಿಂದಿನ ಆಕ್ಸಲಿನ ಮೇಲೆ ಬಿದ್ದು ಅದೂ ಮುರಿಯಬಹುದು. ಹೊಸ ಬಗೆಯ ವಾಹನದಲ್ಲಂತೂ ಚಕ್ರದ ಶಾಫ್ಟನ್ನೇ ಕಿತ್ತು ಓಡಿಸುವುದು ಸಲ್ಲದು. ಅನೇಕ ಮಾದರಿಗಳಲ್ಲಿ ಚಕ್ರದ ಬೇರಿಂಗನ್ನು ಬಿಗಿದು ಹಿಡಿದಿರುವುದೇ ಆ ಶಾಫ್ಟಿನ ತುದಿಯ ನಟ್ಟು. ಪ್ರೊಪೆಲ್ಲರ್ ಶಾಫ್ಟ್ ಕಳಚಿದ ಜೀಪನ್ನು ವಿಪತ್ತಿನ ಪಟ್ಟಿಯಿಂದ ಅಂದೇ ತೆಗೆದು, ಆ ಜಾಗಕ್ಕೆ ಬದಲಿ ವಾಹನ ಗೊತ್ತುಮಾಡುವುದು ಅಧ್ಯಕ್ಷರ ಮತ್ತು ಅಭಿವೃದ್ಧಿ ಅಧಿಕಾರಿಗಳ ಹೊಣೆ.

ಚಾಲಕರ ವಿಚಾರದಲ್ಲಿಯೂ ಒಂದೆರಡು ಮಾತು. ಆಕ್ಸಲುಗಳು ಕೆಸರಿನಲ್ಲಿ ಮುರಿಯುವುದಕ್ಕಿಂತ ಒಣ ಕಾಂಕ್ರೀಟಿನಲ್ಲಿ ಹೆಚ್ಚು ಬಳಲುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ನಾಲ್ಕು ಚಕ್ರದ ಲಿವರ್ ಎಳೆದಿದ್ದರೆ ಎರಡೂ ಒಂದೇ ಲೆಕ್ಕದಲ್ಲಿ ಸುತ್ತುತ್ತವೆ. ನೆಲ ಜಾರದಿದ್ದರೆ ಆ ವ್ಯತ್ಯಾಸ ಹಗ್ಗ ಹೊಸೆದಂತೆ ಶಾಫ್ಟಿನಲ್ಲಿ ಸೇರುತ್ತದೆ. ಕೆಸರು ದಾಟಿ ಡಾಮರಿಗೆ ಬಂದೊಡನೆ ಲಿವರ್ ಬಿಡಬೇಕೆಂಬುದು ಇದಕ್ಕೇ. ನಾಲ್ಕೂ ಟೈರು ಒಂದೇ ಅಳತೆಯವು, ಸುಮಾರಾಗಿ ಒಂದೇ ಸವೆತದವು ಇರಬೇಕೆಂಬುದಕ್ಕೂ ಕಾರಣ ಇದೇ. ಇನ್ನೊಂದು ತುದಿಯ ತಪ್ಪೂ ಇದೆ: ವರ್ಷವಿಡೀ ಲಿವರ್ ಮುಟ್ಟದೆ ಇಟ್ಟು ಮಳೆಗಾಲದಲ್ಲಿ ಎಳೆದರೆ ಅದು ಕೂಡುವುದೇ ಇಲ್ಲ. ತಿಂಗಳಿಗೊಮ್ಮೆ ಮಣ್ಣುದಾರಿಯಲ್ಲಿ ಸ್ವಲ್ಪ ದೂರ ನಾಲ್ಕು ಚಕ್ರದಲ್ಲಿ ಓಡಿಸಿದರೆ ಒಳಗಿನ ಹಲ್ಲುಗಳಿಗೆಲ್ಲ ಎಣ್ಣೆ ಮುಟ್ಟುತ್ತದೆ. ಸಂಜೀವಿನಿ ಒಕ್ಕೂಟದ ಮಹಿಳೆಯರು ಸ್ವಚ್ಛ ವಾಹಿನಿಯ ಚಾಲನೆ ಕಲಿತು ನಡೆಸುತ್ತಿರುವ ಜಿಲ್ಲೆ ಇದು. ಅವರಲ್ಲಿ ಆಸಕ್ತರಿಗೆ ಜೀಪಿನ ಈ ಪಾಠವನ್ನೂ ಕಲಿಸಿದರೆ ರಾತ್ರಿಯ ಕರೆಗೆ ಒಬ್ಬನೇ ಚಾಲಕನನ್ನು ನೆಚ್ಚಿಕೊಳ್ಳಬೇಕಾಗುವುದಿಲ್ಲ.

ತಪಾಸಣೆಗೆ ಸಮಯ ಯಾವುದು? ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲಗಳು ನಿಲ್ಲುತ್ತವೆ. ತುಳುನಾಡಿನವರು ಮಳೆಗೆ ಸಿದ್ಧರಾಗುವ ಗಡಿ ಅದು, ಮೇ ತಿಂಗಳ ಕೊನೆಯ ವಾರ. ಜೀಪಿನ ಕೆಲಸವೂ ಅದರೊಳಗೆ ಮುಗಿಯಬೇಕೆಂದರೆ ದರಪಟ್ಟಿ ಏಪ್ರಿಲ್ ಸಭೆಗೇ ಬರಬೇಕು. ಜೂನ್ ತಿಂಗಳಲ್ಲಿ ಎಲ್ಲ ಊರುಗಳ ಜೀಪುಗಳೂ ಗ್ಯಾರೇಜಿನ ಮುಂದೆ ಸಾಲುಗಟ್ಟಿರುತ್ತವೆ, ಬಿಡಿಭಾಗ ಮಂಗಳೂರಿನಲ್ಲಿ ಸಿಗದೆ ಹೊರಗಿನಿಂದ ಬರಬೇಕಾದರೆ ದಿನಗಳು ಕಳೆಯುತ್ತವೆ.

ಬಿಲ್ಲಿನೊಂದಿಗೆ ಕಳಚಿದ ಹಳೆಯ ಶಾಫ್ಟು ಪಂಚಾಯತ್ ಕಚೇರಿಗೆ ಮರಳಿ ಬರಬೇಕು. ವಾಹನವನ್ನು ಗ್ಯಾರೇಜಿಗೆ ಬಿಡುವ ಮುನ್ನ ಅದರ ಮೇಲೆ ಬಣ್ಣದ ಒಂದು ಗುರುತು ಹಾಕಿದ್ದರೆ ಬಂದದ್ದು ಅದೇ ಎಂದು ತಿಳಿಯುತ್ತದೆ. ಆ ಕಬ್ಬಿಣವನ್ನು ಸಭೆಯ ಮೇಜಿನ ಮೇಲಿಟ್ಟು, ಕೀಲನ್ನು ಕೈಯಲ್ಲಿ ಆಡಿಸಿ ನೋಡಿದ ಮೇಲೆ ಬಿಲ್ಲನ್ನು ಓದಬಹುದು; ಸವೆದ ಗುಂಡು, ತುಕ್ಕು, ಒಡೆದ ಪಂಜರ ಯಾವ ಸದಸ್ಯರ ಕಣ್ಣಿಗೂ ತಪ್ಪದು. ಲಾಗ್ ಪುಸ್ತಕದಲ್ಲಿ ದಿನಾಂಕ, ಮೀಟರಿನ ಕಿಲೋಮೀಟರ್, ಯಾವ ಬದಿ, ಯಾವ ಭಾಗ, ಯಾವ ಎಣ್ಣೆ ಎಂಬುದು ದಾಖಲಾಗಬೇಕು. ಪರೀಕ್ಷಾ ಓಟ ಗ್ಯಾರೇಜಿನ ಮುಂದಿನ ರಸ್ತೆಯಲ್ಲಿ ಅಲ್ಲ, ಊರಿನ ಅತಿ ಕಡಿದಾದ ಮಣ್ಣಿನ ಏರಿನಲ್ಲಿ. ಅಲ್ಲಿ ನಾಲ್ಕು ಚಕ್ರ ಹಾಕಿ, ಸ್ಟಿಯರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುವಿ, ಕಿಟಕಿ ತೆರೆದಿಟ್ಟು ಸದ್ದು ಕೇಳಬೇಕು. ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕ ನಟ್ಟುಗಳ ಬಿಗಿ ಮತ್ತು ಎಣ್ಣೆಯ ಮಟ್ಟವನ್ನು ಇನ್ನೊಮ್ಮೆ ನೋಡಿಕೊಡುವುದಾಗಿ ಗ್ಯಾರೇಜಿನವರಿಂದ ಬರೆಸಿಕೊಂಡು, ಅದು ಆದ ಮೇಲೆ ಬಿಲ್ಲಿನ ಕೊನೆಯ ಕಂತನ್ನು ಪಾವತಿಸಬಹುದು.